ಊರಂಚಿನ ಚಿರತೆಯೂ ಹೊಲದ ಕಾಡುಬೆಕ್ಕೂ

(ಗ್ರಾಮಸ್ಥರ ಸಭೆಗಳಲ್ಲಿ ಓದುವುದಕ್ಕಾಗಿ ಬರೆದ ಉಪನ್ಯಾಸ)



ಊರಿನ ಬಳಿ ಚಿರತೆ ಕಾಣಿಸಿಕೊಂಡಿತೆಂದರೆ ಜನರು ಮೊದಲು ಸೇರುವುದು ಊರಿನ ಮುಖಂಡರ ಮನೆಯ ಜಗಲಿಯ ಮೇಲೆ. ಬೋನು ತರಿಸಬೇಕು, ಮೃಗವನ್ನು ಹಿಡಿಸಬೇಕು, ದೂರದ ಕಾಡಿಗೆ ಸಾಗಿಸಬೇಕು ಎಂಬುದೇ ಎಲ್ಲರ ಬಾಯಲ್ಲಿಯೂ ಬರುವ ಮಾತು. ಮುಖಂಡರಾದವರು ಬೇರೆ ದಾರಿಯನ್ನು ಕಾಣದೆ ಅರ್ಜಿಯನ್ನು ಬರೆದು ಕಳುಹಿಸುವರು. ಬೋನು ಬರುವುದು, ಕೆಲವು ವೇಳೆ ಚಿರತೆಯೂ ಅದರಲ್ಲಿ ಬೀಳುವುದು. ಊರಿನವರು ನೆಮ್ಮದಿಯಿಂದ ನಿದ್ರೆಮಾಡುವರು. ಆದರೆ ಎಷ್ಟೋ ಊರುಗಳಲ್ಲಿ ಸ್ವಲ್ಪ ಕಾಲ ಕಳೆಯುವುದರೊಳಗಾಗಿ ಅದೇ ಬದುವಿನ ಮೇಲೆ ಮತ್ತೊಂದು ಚಿರತೆಯ ಹೆಜ್ಜೆಯು ಮೂಡುವುದು. ಇದು ಹೀಗೇಕೆ ಆಗುವುದೆಂಬುದನ್ನೂ, ಇದಕ್ಕೆ ಬೋನಿಗಿಂತ ಮೇಲಾದ ಉಪಾಯವೇನೆಂಬುದನ್ನೂ ತಿಳಿಸುವುದೇ ಈ ಉಪನ್ಯಾಸದ ಉದ್ದೇಶ.

ಈ ವಿಷಯವು ಅಲ್ಪವಾದುದಲ್ಲ. ೨೦೨೨ನೆಯ ಇಸವಿಯ ಅಕ್ಟೋಬರ್ ತಿಂಗಳ ಕೊನೆಯಿಂದ ೨೦೨೩ನೆಯ ಇಸವಿಯ ಜನವರಿ ತಿಂಗಳೊಳಗಾಗಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕೊಂದರಲ್ಲಿಯೇ ನಾಲ್ವರು ಚಿರತೆಯ ದಾಳಿಗೆ ಸಿಕ್ಕಿ ಪ್ರಾಣವನ್ನು ಕಳೆದುಕೊಂಡರು. ಓದುವ ಮಕ್ಕಳೂ, ವಯಸ್ಸಾದ ಹೆಂಗಸೂ ಅವರಲ್ಲಿ ಇದ್ದರು. ೨೦೨೫ನೆಯ ಇಸವಿಯ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ವನ್ಯಜೀವಿಧಾಮದಲ್ಲಿ ಒಂದು ಹೆಣ್ಣು ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹುಲಿಯು ಕೊಂದಿದ್ದ ಹಸುವಿನ ಮಾಂಸಕ್ಕೆ ಕ್ರಿಮಿನಾಶಕ ವಿಷವನ್ನು ಬೆರೆಸಿದ್ದುದೇ ಇದಕ್ಕೆ ಕಾರಣವಾಯಿತು. ಒಂದು ಕಡೆ ಮನುಷ್ಯರ ಪ್ರಾಣ, ಇನ್ನೊಂದು ಕಡೆ ಮೃಗಗಳ ಪ್ರಾಣ, ಎರಡರ ನಡುವೆ ರೈತನ ದನಕರುಗಳು. ಈ ಮೂರೂ ನಷ್ಟವಾಗದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ಗ್ರಾಮಸ್ಥರ ಕೈಯಲ್ಲಿಯೇ ಇದೆ.

೧. ಬೆಕ್ಕಿನ ಜಾತಿಯ ಮೃಗಗಳು

ಕರ್ನಾಟಕದ ಕಾಡು ಬಯಲುಗಳಲ್ಲಿ ಬೆಕ್ಕಿನ ಜಾತಿಗೆ ಸೇರಿದ ಮೃಗಗಳಲ್ಲಿ ಮುಖ್ಯವಾದುವು ಐದು. ಅವು ಯಾವುವೆಂದರೆ: ಹುಲಿ, ಚಿರತೆ, ಕಾಡುಬೆಕ್ಕು, ಮೈಮೇಲೆ ಚಿರತೆಯಂತೆ ಚುಕ್ಕೆಗಳಿರುವ ಚಿರತೆಬೆಕ್ಕು, ತುಕ್ಕಿನ ಬಣ್ಣದ ಚುಕ್ಕೆಗಳುಳ್ಳ ಅತಿ ಸಣ್ಣ ಬೆಕ್ಕು. ಈ ಕೊನೆಯದು ಲೋಕದ ಕಾಡುಬೆಕ್ಕುಗಳಲ್ಲೆಲ್ಲಾ ಅತ್ಯಂತ ಸಣ್ಣವುಗಳಲ್ಲಿ ಒಂದು. ಪೂರ್ಣವಾಗಿ ಬೆಳೆದಾಗಲೂ ಮನೆಯ ಬೆಕ್ಕಿನಷ್ಟು ದೊಡ್ಡದಾಗುವುದಿಲ್ಲ. ಭಾರತ, ಸಿಂಹಳ, ನೇಪಾಳ ಈ ಮೂರು ದೇಶಗಳನ್ನು ಬಿಟ್ಟರೆ ಬೇರೆಲ್ಲಿಯೂ ಅದು ಇಲ್ಲ.

ಚಿರತೆಗೆ ಮಲೆನಾಡಿನ ಕೆಲವು ಕಡೆ ಕಿರುಬ ಎಂಬ ಹೆಸರುಂಟು. ಕತ್ತೆಕಿರುಬವು ಬೇರೆ ಜಾತಿಯ ಮೃಗ. ಹುಲಿಗೆ ವಿಸ್ತಾರವಾದ ಕಾಡೂ, ಜಿಂಕೆ ಕಡವೆಗಳಂಥ ದೊಡ್ಡ ಬೇಟೆಯೂ ಬೇಕು. ಚಿರತೆಗೆ ಅಷ್ಟು ಬೇಕಾಗಿಲ್ಲ. ಹಗಲು ಅಡಗುವುದಕ್ಕೆ ಒಂದು ಬಂಡೆಯ ಸಂದು ಅಥವಾ ಒಂದು ಪೊದೆ, ರಾತ್ರಿ ತಿನ್ನುವುದಕ್ಕೆ ಮೊಲದಿಂದ ಹಿಡಿದು ಕರುವಿನವರೆಗೆ ಯಾವುದಾದರೊಂದು ಪ್ರಾಣಿ, ಕುಡಿಯುವುದಕ್ಕೆ ನೀರು, ಇಷ್ಟಿದ್ದರೆ ಅದು ಮನುಷ್ಯರ ಪಕ್ಕದಲ್ಲಿಯೇ ಮನುಷ್ಯರ ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಬಾಳುವುದು. ೨೦೨೨ನೆಯ ಇಸವಿಯ ಅಂದಾಜಿನಲ್ಲಿ ಭಾರತದಲ್ಲಿ ೧೩,೮೭೪ ಚಿರತೆಗಳೂ, ಕರ್ನಾಟಕದಲ್ಲಿ ೧,೮೭೯ ಚಿರತೆಗಳೂ ಇವೆಯೆಂದು ಕಂಡುಬಂದಿತು. ಇದು ಮುಖ್ಯವಾಗಿ ಹುಲಿಗಳಿರುವ ಅರಣ್ಯ ಪ್ರದೇಶಗಳಲ್ಲಿ ಮಾಡಿದ ಅಂದಾಜು. ಹೊಲಗದ್ದೆಗಳ ನಡುವೆಯೂ, ಊರುಗಳ ಹತ್ತಿರದ ಕಲ್ಲುಗುಡ್ಡಗಳಲ್ಲಿಯೂ ಇರುವ ಚಿರತೆಗಳೆಲ್ಲಾ ಇದರಲ್ಲಿ ಸೇರಿಲ್ಲ.

೨. ಹಿಂದೆ ನಡೆದದ್ದು

ಮೃಗಗಳನ್ನು ಕೊಂದುಹಾಕಿದರೆ ತೊಂದರೆ ತಪ್ಪುವುದೆಂಬ ಭಾವನೆಯು ಹೊಸದಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಹುಲಿ, ಚಿರತೆ, ತೋಳಗಳನ್ನು ಕೊಂದವರಿಗೆ ಸರ್ಕಾರದಿಂದಲೇ ಇನಾಮು ಸಲ್ಲುತ್ತಿತ್ತು. ೧೮೭೫ರಿಂದ ೧೯೨೫ರ ವರೆಗಿನ ಐವತ್ತು ವರ್ಷಗಳಲ್ಲಿ ೮೦,೦೦೦ಕ್ಕಿಂತ ಹೆಚ್ಚು ಹುಲಿಗಳೂ, ೧,೫೦,೦೦೦ಕ್ಕಿಂತ ಹೆಚ್ಚು ಚಿರತೆಗಳೂ, ಸುಮಾರು ೨,೦೦,೦೦೦ ತೋಳಗಳೂ ಹತವಾದುವೆಂದು ಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ಬಯಲಿನಲ್ಲಿ ಕೃಷ್ಣಮೃಗಗಳನ್ನು ಅಟ್ಟಿ ಹಿಡಿಯುತ್ತಿದ್ದ ಚೀತಾ ಎಂಬ ಮೃಗದ ಗತಿಯು ಇದಕ್ಕಿಂತಲೂ ಶೋಚನೀಯವಾದುದು. ಬಯಲುಗಳು ಉಳುಮೆಯ ಭೂಮಿಯಾದುವು, ಕೃಷ್ಣಮೃಗಗಳು ಕಡಮೆಯಾದುವು, ರಾಜರು ಬೇಟೆಗಾಗಿ ಚೀತಾಗಳನ್ನು ಹಿಡಿಸಿ ಪಳಗಿಸುತ್ತಿದ್ದರು. ಹೀಗೆ ಎಲ್ಲಾ ಕಡೆಯಿಂದಲೂ ಪೆಟ್ಟು ಬಿದ್ದು, ೧೯೪೭ರಲ್ಲಿ ಮಧ್ಯ ಭಾರತದ ಕೊರಿಯಾ ಸಂಸ್ಥಾನದಲ್ಲಿ ಮೂರು ಚೀತಾಗಳನ್ನು ಹೊಡೆದ ಬಳಿಕ ಅವುಗಳ ಸುಳಿವೇ ಇಲ್ಲದಂತಾಯಿತು. ೧೯೫೨ರಲ್ಲಿ ಸರ್ಕಾರವು ಈ ಜಾತಿಯು ದೇಶದಲ್ಲಿ ನಾಶವಾಯಿತೆಂದು ಪ್ರಕಟಿಸಿತು. ೨೦೨೨ರಲ್ಲಿ ಆಫ್ರಿಕಾ ಖಂಡದ ನಮೀಬಿಯಾ ದೇಶದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋ ಅರಣ್ಯದಲ್ಲಿ ಬಿಡಬೇಕಾಯಿತು. ಒಮ್ಮೆ ಕಳೆದುಕೊಂಡುದನ್ನು ಮರಳಿ ತರುವುದು ಎಷ್ಟು ಪ್ರಯಾಸದ ಕೆಲಸವೆಂಬುದಕ್ಕೆ ಇದೇ ದೃಷ್ಟಾಂತ.

ಕಾಪಾಡಬೇಕೆಂಬ ಸಂಕಲ್ಪವಿದ್ದರೆ ಏನಾಗಬಹುದೆಂಬುದಕ್ಕೂ ದೃಷ್ಟಾಂತವುಂಟು. ೧೯೭೨ರ ಗಣತಿಯಲ್ಲಿ ಇಡೀ ದೇಶದ ಹುಲಿಗಳು ಸುಮಾರು ೧,೮೦೦ ಮಾತ್ರವೆಂದು ತಿಳಿದುಬಂದಿತು. ಆ ವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜಾರಿಗೆ ಬಂದಿತು. ೧೯೭೩ರಲ್ಲಿ ಹುಲಿ ಯೋಜನೆಯು ಆರಂಭವಾದಾಗ ಮೊದಲ ಒಂಬತ್ತು ಕ್ಷೇತ್ರಗಳಲ್ಲಿ ಬಂಡೀಪುರವೂ ಒಂದಾಗಿತ್ತು. ಎಣಿಸುವ ಕ್ರಮವು ಅಂದಿಗೂ ಇಂದಿಗೂ ಬೇರೆಯಾದರೂ, ೨೦೨೨ರ ಅಂದಾಜಿನಲ್ಲಿ ದೇಶದ ಹುಲಿಗಳು ೩,೬೮೨ ಎಂದೂ, ಕರ್ನಾಟಕದ ಹುಲಿಗಳು ೫೬೩ ಎಂದೂ ಕಂಡುಬಂದುದು ಸಂತೋಷದ ವಿಷಯ.

೩. ಚಿರತೆಯು ಊರಿನ ಬಳಿಗೆ ಬರುವ ಕಾರಣಗಳು

ಚಿರತೆಯು ಊರನ್ನು ಹುಡುಕಿಕೊಂಡು ಬರುವುದಿಲ್ಲ. ಅಡಗುವ ಸ್ಥಳವನ್ನೂ ಆಹಾರವನ್ನೂ ಹುಡುಕಿಕೊಂಡು ಬರುವುದು. ಇವೆರಡನ್ನೂ ಮನುಷ್ಯನು ತನಗೆ ತಿಳಿಯದಂತೆಯೇ ಅದಕ್ಕೆ ಒದಗಿಸುತ್ತಿದ್ದಾನೆ.

ಮೊದಲನೆಯದು ಕಬ್ಬು. ಕೃಷ್ಣರಾಜಸಾಗರದ ಕಟ್ಟೆಯಾಗಿ ನಾಲೆಗಳಲ್ಲಿ ನೀರು ಹರಿದು, ೧೯೩೩ರಲ್ಲಿ ಮಂಡ್ಯದ ಸಕ್ಕರೆಯ ಕಾರ್ಖಾನೆಯು ಸ್ಥಾಪಿತವಾದ ಮೇಲೆ, ರಾಗಿ ಜೋಳಗಳ ಬಯಲಾಗಿದ್ದ ಎಷ್ಟೋ ಭೂಮಿಯು ಕಬ್ಬಿನ ತೋಟವಾಯಿತು. ರಾಗಿಯ ಹೊಲವು ಕೊಯ್ಲಾದ ಮೇಲೆ ಬಯಲಾಗಿ ನಿಲ್ಲುವುದು. ಕಬ್ಬಾದರೋ ಆಳೆತ್ತರಕ್ಕೂ ಮೀರಿ ಬೆಳೆದು ಹತ್ತು ಹನ್ನೆರಡು ತಿಂಗಳು ನಿಂತೇ ಇರುವುದು. ಒಳಗೆ ನೆರಳು, ಪಕ್ಕದಲ್ಲಿ ನೀರು, ಸುತ್ತಲೂ ಹಂದಿ, ಇಲಿ, ನಾಯಿ. ಚಿರತೆಗೆ ಇದೂ ಒಂದು ಕಾಡೇ. ಮಹಾರಾಷ್ಟ್ರದ ಪುಣೆ ಜಿಲ್ಲೆಯ ಜುನ್ನರದ ಸೀಮೆಯಲ್ಲಿಯೂ ನೀರಾವರಿಯಿಂದ ಇದೇ ಬದಲಾವಣೆಯಾಗಿ, ಕಬ್ಬಿನ ಗದ್ದೆಗಳಲ್ಲಿಯೇ ಚಿರತೆಗಳು ಮರಿಹಾಕಿ ಬೆಳೆಸುತ್ತಿವೆ.

ಎರಡನೆಯದು ನಾಯಿ. ಊರಿನ ಕಸವೂ, ಕೋಳಿ ಕುರಿಗಳನ್ನು ಕೊಯ್ದ ಉಚ್ಛಿಷ್ಟವೂ, ಸತ್ತ ದನಗಳ ಶವಗಳೂ ಬಯಲಿನಲ್ಲಿ ಬಿದ್ದಿರುವ ಕಡೆ ಬೀಡಾಡಿ ನಾಯಿಗಳು ಹೆಚ್ಚುವುವು. ನಾಯಿಗಳು ಹೆಚ್ಚಿದ ಕಡೆ ಚಿರತೆಯು ಬರುವುದು. ಮಹಾರಾಷ್ಟ್ರದ ಅಕೋಲೆಯ ಕೃಷಿ ಪ್ರದೇಶದಲ್ಲಿ ಚದರ ಕಿಲೋಮೀಟರಿಗೆ ಮುನ್ನೂರಕ್ಕಿಂತ ಹೆಚ್ಚು ಮಂದಿ ಮನುಷ್ಯರು ವಾಸಿಸುತ್ತಾರೆ. ಅಲ್ಲಿನ ಚಿರತೆಗಳು ತಿನ್ನುವುದೇನೆಂಬುದನ್ನು ವಿದ್ವಾಂಸರು ಅವುಗಳ ಮಲವನ್ನು ಪರೀಕ್ಷಿಸಿ ನಿರ್ಣಯಿಸಿ, ೨೦೧೪ರಲ್ಲಿ ಪ್ರಕಟಪಡಿಸಿದರು. ತಿಂದ ಆಹಾರದಲ್ಲಿ ನೂರಕ್ಕೆ ೮೭ ಪಾಲು ಸಾಕುಪ್ರಾಣಿಗಳೇ. ನಾಯಿಗಳೇ ನೂರಕ್ಕೆ ೩೯ ಪಾಲು. ನಾಯಿಗಳಿಗಿಂತ ಏಳರಷ್ಟು ಸಂಖ್ಯೆಯಲ್ಲಿದ್ದ ಆಡುಗಳು ನೂರಕ್ಕೆ ೧೧ ಪಾಲು ಮಾತ್ರ. ಇದರ ತಾತ್ಪರ್ಯವನ್ನು ರೈತರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಆಡುಗಳಿಗೆ ಹಗಲು ಕಾವಲುಂಟು, ರಾತ್ರಿ ದೊಡ್ಡಿಯುಂಟು. ನಾಯಿಗೆ ಎರಡೂ ಇಲ್ಲ. ಕಾಪಾಡಿದುದು ಉಳಿಯಿತು, ಬೀದಿಯಲ್ಲಿ ಬಿಟ್ಟದ್ದು ಹೋಯಿತು.

ನಾಯಿಗಳಿಂದ ಇನ್ನೊಂದು ಕೇಡೂ ಉಂಟು. ಅವುಗಳ ರೋಗವು ಕಾಡಿನ ಮೃಗಗಳಿಗೆ ತಗುಲುವುದು. ೨೦೧೮ರಲ್ಲಿ ಗುಜರಾತಿನ ಗೀರ್ ಅರಣ್ಯದಲ್ಲಿ ಕೆಲವೇ ವಾರಗಳೊಳಗೆ ಇಪ್ಪತ್ತಕ್ಕಿಂತ ಹೆಚ್ಚು ಸಿಂಹಗಳು ಸತ್ತಾಗ, ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ಎಂಬ ರೋಗವು ಅವುಗಳಲ್ಲಿ ಹಲವಕ್ಕೆ ತಗುಲಿದ್ದುದು ಪರೀಕ್ಷೆಯಿಂದ ಗೊತ್ತಾಯಿತು. ದನಗಳಿಂದಲೂ ಇಂಥಾ ಅಪಾಯವುಂಟೆಂಬುದನ್ನು ಹಳಬರು ಬಲ್ಲರು; ೧೯೬೮ರಲ್ಲಿ ಬಂಡೀಪುರ ಮತ್ತು ಮುದುಮಲೆಯ ಕಾಡುಗಳಲ್ಲಿ ಅಸಂಖ್ಯಾತ ಕಾಟಿಗಳು ದೊಡ್ಡರೋಗದಿಂದ ನಾಶವಾದುವು. ಕಾಟಿ ಜಿಂಕೆಗಳು ನಾಶವಾದರೆ ಹುಲಿಗೆ ಉಳಿಯುವ ಬೇಟೆಯು ರೈತನ ಹಸುವೇ.

ಮೂರನೆಯದು ಗುಡ್ಡ. ತುಮಕೂರು, ರಾಮನಗರ, ಚಿಕ್ಕಬಳ್ಳಾಪುರ, ಮಂಡ್ಯ ಮುಂತಾದ ಜಿಲ್ಲೆಗಳಲ್ಲಿ ಊರಿಗೊಂದರಂತೆ ಕಲ್ಲುಗುಡ್ಡವುಂಟು. ಬಂಡೆಗಳ ನಡುವಿನ ಗವಿಗಳು ಚಿರತೆಗೆ ಬಹು ಪುರಾತನವಾದ ಮನೆ. ಗುಡ್ಡದ ಮೇಲೆ ಮೊಲ, ನವಿಲು, ಮುಳ್ಳುಹಂದಿ, ಕೋತಿಗಳಿರುವಷ್ಟು ಕಾಲ ಅದು ರಾತ್ರಿ ಇಳಿದು ಬಂದು ಬೆಳಗಾಗುವುದರೊಳಗೆ ಹಿಂದಿರುಗುವುದು. ಗುಡ್ಡಕ್ಕೆ ಮದ್ದಿಟ್ಟು ಸಿಡಿಸಿ ಕಲ್ಲು ಸಾಗಿಸಿದ ಮೇಲೆ ಅದಕ್ಕೆ ಹಿಂದಿರುಗಲು ಸ್ಥಳವಿಲ್ಲ. ಕೆಳಗಿನ ಕಬ್ಬಿನ ಗದ್ದೆಯೋ, ಪಾಳುಬಿದ್ದ ತೋಟವೋ, ಊರ ಹಿಂದಿನ ಹಳ್ಳವೋ ಅದರ ಹಗಲಿನ ಮನೆಯಾಗುವುದು. ಕಲ್ಲುಗಣಿಯ ಗುತ್ತಿಗೆಯಿಂದ ಬರುವ ಹಣವು ಎಲ್ಲರಿಗೂ ಕಾಣುವುದು. ಅದರಿಂದಾಗುವ ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಬರೆಯುವುದಿಲ್ಲ.

೪. ಬೋನಿನ ವಿಚಾರ

ಚಿರತೆಯನ್ನು ಹಿಡಿದು ಬೇರೆ ಕಡೆ ಬಿಟ್ಟರೆ ಏನಾಗುವುದೆಂಬುದು ಜುನ್ನರದ ಸೀಮೆಯಲ್ಲಿ ಸ್ಪಷ್ಟವಾಗಿ ಪರೀಕ್ಷೆಗೆ ಬಂದಿತು. ಅಲ್ಲಿ ೧೯೯೩ರಿಂದ ೨೦೦೧ರ ವರೆಗೆ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ ನಾಲ್ಕು ದಾಳಿಗಳಾಗುತ್ತಿದ್ದುವು. ೨೦೦೧ರಿಂದ ಚಿರತೆಗಳನ್ನು ಬಹುಸಂಖ್ಯೆಯಲ್ಲಿ ಹಿಡಿದು ಸಮೀಪದ ಅರಣ್ಯಗಳಲ್ಲಿ ಬಿಡುವ ಕೆಲಸವು ಆರಂಭವಾಯಿತು. ಅನಂತರದ ವರ್ಷಗಳಲ್ಲಿ ದಾಳಿಗಳು ವರ್ಷಕ್ಕೆ ಸರಾಸರಿ ಹದಿನೇಳಕ್ಕೆ ಏರಿದುವು. ದಾಳಿಗೆ ಸಿಕ್ಕಿದವರಲ್ಲಿ ಮರಣ ಹೊಂದಿದವರ ಪಾಲು ಎರಡರಷ್ಟಾಯಿತು. ತೊಂದರೆಯನ್ನು ಕಡಮೆಮಾಡಲು ಕೈಕೊಂಡ ಕೆಲಸವೇ ತೊಂದರೆಯನ್ನು ನಾಲ್ಕರಷ್ಟು ಮಾಡಿತು.

ಇದಕ್ಕೆ ಕಾರಣಗಳು ಕಷ್ಟದವಲ್ಲ. ಪ್ರತಿಯೊಂದು ಚಿರತೆಗೂ ತನ್ನದೆಂಬ ಎಲ್ಲೆಯುಂಟು. ಆ ಎಲ್ಲೆಯೊಳಗೆ ಮನುಷ್ಯರು ಎಲ್ಲಿ ಓಡಾಡುವರು, ಯಾವ ವೇಳೆಯಲ್ಲಿ ಮಲಗುವರು, ಯಾವ ದಾರಿಯಲ್ಲಿ ಹೋದರೆ ಅವರ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಅದು ಬಲ್ಲದು. ಅದನ್ನು ಹಿಡಿದು ಬೋನಿನಲ್ಲಿ ಗಾಸಿಪಡಿಸಿ, ಗುರುತಿಲ್ಲದ ನೆಲದಲ್ಲಿ ಬಿಟ್ಟರೆ, ಅದು ಹಸಿದು, ಬೆದರಿ, ಕಂಡ ಕಂಡ ಊರಿನ ಮೇಲೆ ಹಾದು ತನ್ನ ಮನೆಯ ಕಡೆಗೋ ಬೇರೊಂದು ನೆಲೆಯ ಕಡೆಗೋ ನಡೆಯುವುದು. ಇತ್ತ ಅದು ಬಿಟ್ಟುಹೋದ ಎಲ್ಲೆಯು ಖಾಲಿ ಇರುವುದಿಲ್ಲ. ಆ ನೆಲದ ಪರಿಚಯವಿಲ್ಲದ ಎಳೆಯ ಚಿರತೆಗಳು ಒಂದರೊಡನೊಂದು ಕಾದಾಡುತ್ತಾ ಬಂದು ಸೇರುವುವು. ಒಂದು ಊರಿನ ಬೋನು ಇನ್ನೊಂದು ಊರಿನ ಸಂಕಟವಾಗುವುದು. ತನ್ನ ಊರಿನ ಸಂಕಟವೂ ತಪ್ಪುವುದಿಲ್ಲ.

ಅಜೋಬಾ ಎಂದು ಹೆಸರಿಟ್ಟಿದ್ದ ಒಂದು ಗಂಡು ಚಿರತೆಯ ವೃತ್ತಾಂತವು ಇಲ್ಲಿ ಹೇಳತಕ್ಕದ್ದಾಗಿದೆ. ಮರಾಠಿಯಲ್ಲಿ ಆ ಮಾತಿಗೆ ಅಜ್ಜನೆಂದು ಅರ್ಥ. ೨೦೦೯ರಲ್ಲಿ ಅದು ಮಹಾರಾಷ್ಟ್ರದ ಒಂದು ಹಳ್ಳಿಯ ಬಾವಿಯಲ್ಲಿ ಬಿದ್ದಿತ್ತು. ಅದನ್ನು ಎತ್ತಿ, ಎಲ್ಲಿಗೆ ಹೋಗುವುದೆಂಬುದನ್ನು ತಿಳಿಸುವ ಯಂತ್ರವುಳ್ಳ ಪಟ್ಟಿಯನ್ನು ಕೊರಳಿಗೆ ಕಟ್ಟಿ, ಮಾಳಶೇಜ ಘಟ್ಟದಲ್ಲಿ ಬಿಟ್ಟರು. ಅದು ಹೊಲಗಳನ್ನೂ, ಹೆದ್ದಾರಿಯನ್ನೂ, ರೈಲುದಾರಿಯನ್ನೂ ದಾಟಿ, ಸುಮಾರು ೧೨೦ ಕಿಲೋಮೀಟರು ನಡೆದು, ಮುಂಬಯಿ ನಗರದ ಪಕ್ಕದ ಅರಣ್ಯವನ್ನು ಸೇರಿತು. ದಾರಿಯುದ್ದಕ್ಕೂ ಯಾವ ಮನುಷ್ಯನನ್ನೂ ಮುಟ್ಟಲಿಲ್ಲ. ೨೦೧೧ರಲ್ಲಿ ಹೆದ್ದಾರಿಯಲ್ಲಿ ವಾಹನವು ಬಡಿದು ಅದು ಸತ್ತಿತು. ಬಾವಿ, ಸಾಗಾಟ, ರಸ್ತೆ, ಈ ಮೂರೂ ಮನುಷ್ಯನು ಮಾಡಿದುವೇ. ಒಂದೇ ಮೃಗದ ಬಾಳಿನಲ್ಲಿ ಮೂರೂ ಬಂದುವು.

ಹಾಗಾದರೆ ಯಾವ ಚಿರತೆಯನ್ನೂ ಹಿಡಿಯಕೂಡದೆಂದು ಅರ್ಥವಲ್ಲ. ಮನುಷ್ಯರ ಮೇಲೆ ಬೀಳುವುದನ್ನು ಅಭ್ಯಾಸಮಾಡಿಕೊಂಡ ಮೃಗವನ್ನು ತೆಗೆದುಹಾಕಲೇಬೇಕು. ಅದಕ್ಕೆ ಕಾಯಿದೆಯಲ್ಲಿಯೇ ಅವಕಾಶವುಂಟು, ಅಪ್ಪಣೆ ಕೊಡುವ ಅಧಿಕಾರವು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರದು. ಆದರೆ ಬದುವಿನ ಮೇಲೆ ಹೆಜ್ಜೆ ಕಂಡಿತೆಂಬ ಮಾತ್ರಕ್ಕೆ ಬೋನನ್ನು ಕೇಳುವುದು, ತಂಟೆಗೆ ಬಾರದ ನೆರೆಯವನನ್ನು ಕಳುಹಿಸಿ ತಂಟೆಗಾರನನ್ನು ಕರೆದಂತೆ ಆಗುವುದು.

೫. ವಿಷ, ಉರುಳು, ಬಾವಿ, ರಸ್ತೆ

ಹಾಲು ಕರೆಯುವ ಹಸುವನ್ನು ಹುಲಿಯು ಕೊಂದರೆ ರೈತನಿಗಾಗುವ ದುಃಖವು ಸಾಮಾನ್ಯವಾದುದಲ್ಲ. ಅವನ ಕೋಪವೂ ಅನ್ಯಾಯವಾದುದಲ್ಲ. ಆದರೆ ಆ ಕೋಪದಿಂದ ಶವಕ್ಕೆ ವಿಷವನ್ನು ಬೆರೆಸಿದರೆ ಸಾಯುವುದು ತಪ್ಪುಮಾಡಿದ ಮೃಗವೊಂದೇ ಅಲ್ಲ. ಮರಿಗಳು ಸಾಯುವುವು; ರಣಹದ್ದು, ನರಿ, ಊರಿನ ನಾಯಿಗಳು ಸಾಯುವುವು; ಆ ನೀರನ್ನು ಕುಡಿದ ದನಗಳಿಗೂ ಅಪಾಯ. ವಿಷವಿಟ್ಟವನು ಸೆರೆಮನೆಗೆ ಹೋಗುವನು. ಅವನ ಹೊಲವನ್ನು ನೋಡುವವರಿಲ್ಲದೆ ಸಂಸಾರವು ಕೆಡುವುದು. ಹಸುವಿಗೆ ಸಲ್ಲತಕ್ಕ ಪರಿಹಾರದ ಹಣವೂ ಕೈಗೆ ಬಾರದು. ಪರಿಹಾರವು ತಡವಾಗಿ ಬಂದ ಕಡೆ ಕೋಪವು ಬಲಿಯುವುದು. ಆದಕಾರಣ ದನವು ಸತ್ತ ದಿನವೇ ಅರಣ್ಯದ ಅಧಿಕಾರಿಗಳಿಗೆ ವರ್ತಮಾನವನ್ನು ಕಳುಹಿಸಿ, ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಕಾಗದಪತ್ರಗಳು ಮುಂದೆ ಸಾಗುವಂತೆ ಒತ್ತಾಯಪಡಿಸುವುದು ಊರಿನ ಮುಖಂಡರ ಮುಖ್ಯ ಕರ್ತವ್ಯ. ಮುಖಂಡರು ಆ ಒಂದು ವಾರದಲ್ಲಿ ತೋರಿಸುವ ಶ್ರದ್ಧೆಯು ಒಂದು ಸಂಸಾರವನ್ನೂ ಒಂದು ಹುಲಿಯ ಬೀಡನ್ನೂ ಉಳಿಸಬಹುದು.

ಹಂದಿಗಾಗಿ ಬೇಲಿಯ ಸಂದಿಯಲ್ಲಿ ಒಡ್ಡುವ ತಂತಿಯ ಉರುಳು ಹಂದಿಯನ್ನೇ ಹಿಡಿಯುವುದೆಂಬ ನಿಯಮವಿಲ್ಲ. ದಾರಿಯಲ್ಲಿ ಬಂದ ಚಿರತೆಯ ಸೊಂಟಕ್ಕೆ ಅದು ಬಿಗಿದುಕೊಂಡು, ಮೃಗವು ನರಳಿ ಸಾಯುವುದು. ಅಥವಾ ಅರ್ಧ ಹರಿದುಕೊಂಡು ಗಾಯದೊಡನೆ ತಿರುಗುವುದು. ಓಡುವ ಬೇಟೆಯನ್ನು ಹಿಡಿಯಲಾರದ ಗಾಯಾಳು ಮೃಗಕ್ಕಿಂತ ಅಪಾಯಕರವಾದುದು ಬೇರೊಂದಿಲ್ಲ. ಬೇಲಿಗೆ ನೇರವಾಗಿ ಮನೆಯ ವಿದ್ಯುಚ್ಛಕ್ತಿಯನ್ನು ಹರಿಸುವುದು ಇದಕ್ಕಿಂತಲೂ ಘೋರವಾದುದು. ಅದು ಆನೆ, ಚಿರತೆ, ದನ, ಮನುಷ್ಯ ಎಂಬ ಭೇದವನ್ನು ನೋಡುವುದಿಲ್ಲ. ಕಟ್ಟೆಯಿಲ್ಲದ ಬಾವಿಯಲ್ಲಿ ರಾತ್ರಿ ಮೃಗವು ಬೀಳುವುದು. ಮೂರಡಿಯ ಗೋಡೆಯನ್ನು ಕಟ್ಟಿದರೆ ಮೃಗವೂ ಉಳಿಯುವುದು, ಊರಿನ ಮಕ್ಕಳೂ ಉಳಿಯುವರು.

ರಸ್ತೆಗಳ ಮೇಲೆ ಸಾಯುವ ಮೃಗಗಳಿಗೆ ಲೆಕ್ಕವಿಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತು ಗಂಟೆಯಿಂದ ಬೆಳಗಿನ ಆರು ಗಂಟೆಯ ವರೆಗೆ ವಾಹನ ಸಂಚಾರವನ್ನು ೨೦೦೯ರಲ್ಲಿ ತಡೆದುದು ಈ ಕಾರಣದಿಂದಲೇ. ೨೦೧೦ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಊರಿನ ರಸ್ತೆಗಳಿಗೆ ಅಂಥಾ ಆಜ್ಞೆ ಬೇಕಾಗಿಲ್ಲ. ಕೆರೆಯ ಏರಿಯ ಮೇಲೂ ತೋಪಿನ ಪಕ್ಕದಲ್ಲಿಯೂ ರಾತ್ರಿ ವಾಹನವನ್ನು ಮೆಲ್ಲನೆ ನಡೆಸಿದರೆ ಸಾಕು.

೬. ಹೊಲದ ಕಾಡುಬೆಕ್ಕು

ಚಿರತೆಯ ಭಯದಿಂದ ರೈತರು ಅದರ ಸಣ್ಣ ದಾಯಾದಿಗಳನ್ನೂ ಕೊಲ್ಲುವುದುಂಟು. ಇದು ತನ್ನ ಕಣಜಕ್ಕೆ ತಾನೇ ಕನ್ನ ಕೊರೆದಂತೆ. ಕಾಡುಬೆಕ್ಕು ಉದ್ದವಾದ ಕಾಲುಗಳೂ, ಚೂಪಾದ ಕಿವಿಗಳೂ, ಬಳೆಗಳುಳ್ಳ ಮೋಟು ಬಾಲವೂ ಇರುವ ಬೂದುಬಣ್ಣದ ಪ್ರಾಣಿ. ಒಂದು ಅಂದಾಜಿನಂತೆ ಅದು ದಿನಕ್ಕೆ ಮೂರರಿಂದ ಐದು ಇಲಿಗಳನ್ನು ತಿನ್ನುವುದು. ಮೂರೇ ಎಂದು ಇಟ್ಟುಕೊಂಡರೂ ವರ್ಷಕ್ಕೆ ಸಾವಿರಕ್ಕೆ ಮೇಲಾಯಿತು. ಭತ್ತ, ಕಡಲೆಕಾಯಿ, ಕಬ್ಬುಗಳಿಗೆ ಇಲಿಯು ಮಾಡುವ ಕೇಡನ್ನು ಬಲ್ಲ ರೈತನು ಸಂಬಳವಿಲ್ಲದ ಈ ಕಾವಲುಗಾರನ ಬೆಲೆಯನ್ನು ತಾನೇ ಕಟ್ಟಬಹುದು. ಎಂದಾದರೊಮ್ಮೆ ಒಂದು ಕೋಳಿಯನ್ನು ಅದು ಒಯ್ದರೆ, ಅದು ಕಾವಲಿನ ಕೂಲಿ. ಕೋಳಿಯ ಗೂಡಿಗೆ ಬಾಗಿಲನ್ನು ಹಾಕಿದರೆ ಆ ಕೂಲಿಯೂ ಉಳಿಯುವುದು.

ಬದುಗಳ ಮೇಲಿನ ಹುಲ್ಲುಪೊದೆಗಳನ್ನೆಲ್ಲಾ ಸುಟ್ಟು ನುಣ್ಣಗೆ ಮಾಡುವುದರಿಂದಲೂ, ಕೆರೆಯಂಗಳದ ಜೊಂಡನ್ನು ತೆಗೆದು ಒತ್ತುವರಿ ಮಾಡುವುದರಿಂದಲೂ ಕಾಡುಬೆಕ್ಕಿಗೆ ನೆಲೆ ತಪ್ಪುವುದು. ಪಾಷಾಣವನ್ನು ತಿಂದ ಇಲಿಯನ್ನು ತಿಂದು ಬೆಕ್ಕು, ಗೂಬೆಗಳೂ ಸಾಯುವುದುಂಟು. ಅವು ಸತ್ತ ಮೇಲೆ ಇಲಿಗಳು ಇಮ್ಮಡಿಯಾಗುವುವು.

ಕಬ್ಬನ್ನು ಕಡಿಯುವಾಗ ಚುಕ್ಕೆಗಳುಳ್ಳ ಮರಿಗಳು ಸಿಕ್ಕಿದರೆ ಅವು ಚಿರತೆಯ ಮರಿಗಳೇ ಎಂದು ಗಾಬರಿಗೊಳ್ಳಬೇಕಾಗಿಲ್ಲ; ಸಣ್ಣ ಕಾಡುಬೆಕ್ಕುಗಳ ಮರಿಗಳೂ ಹಾಗೆಯೇ ಕಾಣುವುವು. ಯಾವ ಮರಿಗಳಾದರೂ ಎತ್ತಿಕೊಂಡು ಮನೆಗೆ ತರಕೂಡದು. ತಾಯಿಯು ಸಮೀಪದಲ್ಲಿಯೇ ಇರುವುದು. ಆ ಭಾಗದ ಕಟಾವನ್ನು ನಿಲ್ಲಿಸಿ ಅರಣ್ಯದವರಿಗೆ ತಿಳಿಸಿದರೆ, ಅವರು ಮರಿಗಳನ್ನು ಸಿಕ್ಕಿದ ಸ್ಥಳದಲ್ಲಿಯೇ ಪೆಟ್ಟಿಗೆಯಲ್ಲಿಟ್ಟು ದೂರ ನಿಲ್ಲುವರು. ರಾತ್ರಿ ತಾಯಿಯು ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುವುದು. ಜುನ್ನರದ ಸೀಮೆಯಲ್ಲಿ ಹೀಗೆ ಅನೇಕ ಮರಿಗಳನ್ನು ತಾಯಿಯೊಡನೆ ಸೇರಿಸಿದ್ದಾರೆ. ಮರಿಯನ್ನು ಕಳೆದುಕೊಂಡ ತಾಯಿ ಚಿರತೆಯು ಊರಿನ ಸುತ್ತ ತಿರುಗುವುದು ಯಾರಿಗೂ ಹಿತವಲ್ಲ.

೭. ಗ್ರಾಮಸ್ಥರು ಮಾಡತಕ್ಕ ಕೆಲಸಗಳು

(ಅ) ಕುರಿ, ಆಡು, ಕರುಗಳನ್ನು ರಾತ್ರಿ ಬಯಲಿನಲ್ಲಿ ಕಟ್ಟಕೂಡದು. ದೊಡ್ಡಿಗೆ ನಾಲ್ಕು ಕಡೆ ಗೋಡೆ ಅಥವಾ ಗಟ್ಟಿಯಾದ ತಂತಿಯ ಜಾಲರಿಯೂ, ಮೇಲೆ ಮುಚ್ಚಿಗೆಯೂ, ಭದ್ರವಾದ ಬಾಗಿಲೂ ಇರತಕ್ಕದ್ದು. ಮುಚ್ಚಿಗೆಯಿಲ್ಲದ ಗೋಡೆಯು ಚಿರತೆಗೆ ಮೆಟ್ಟಿಲಿನಂತೆ. ಸಾಕಿದ ನಾಯಿಯನ್ನೂ ರಾತ್ರಿ ಒಳಗೆ ಕಟ್ಟತಕ್ಕದ್ದು.

(ಆ) ಸತ್ತ ದನಗಳನ್ನೂ, ಕೋಳಿ ಕುರಿಗಳ ಉಚ್ಛಿಷ್ಟವನ್ನೂ ಆಳವಾಗಿ ಹೂಳತಕ್ಕದ್ದು. ಬೀಡಾಡಿ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯನ್ನೂ ರೋಗನಿರೋಧದ ಚುಚ್ಚುಮದ್ದನ್ನೂ ಪಂಚಾಯಿತಿಯ ಮೂಲಕ ಏರ್ಪಡಿಸತಕ್ಕದ್ದು.

(ಇ) ಕಬ್ಬನ್ನು ಮನೆಗಳ ಗೋಡೆಯ ವರೆಗೂ, ಶಾಲೆಯ ದಾರಿಯ ಅಂಚಿನ ವರೆಗೂ ಬೆಳೆಯದೆ, ನಡುವೆ ತಗ್ಗಾದ ಪೈರಿನ ಒಂದು ಪಟ್ಟೆಯನ್ನು ಬಿಡುವುದು ಒಳ್ಳೆಯದು. ಪಕ್ವವಾದ ಕಬ್ಬನ್ನು ಬಹುಕಾಲ ನಿಲ್ಲಿಸಕೂಡದು.

(ಈ) ಮುಸ್ಸಂಜೆಯ ಮೇಲೂ ಬೆಳಗಿನ ಜಾವದಲ್ಲಿಯೂ ಮಕ್ಕಳನ್ನು ಒಂಟಿಯಾಗಿ ಕಳುಹಿಸಕೂಡದು. ಹೊಲದಲ್ಲಿ ಬಗ್ಗಿ ಕೆಲಸಮಾಡುವವರೂ, ಬಯಲಿಗೆ ಹೋಗಿ ಕುಳಿತವರೂ ಮೃಗದ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣುವರು. ಆದಕಾರಣ ಗುಂಪಾಗಿ ಮಾತನಾಡುತ್ತಾ ಕೆಲಸಮಾಡುವುದು, ಮನೆಯಲ್ಲಿಯೇ ಶೌಚಗೃಹವನ್ನು ಇಟ್ಟುಕೊಳ್ಳುವುದು, ರಾತ್ರಿ ಕೈದೀಪವಿಲ್ಲದೆ ಹೊರಡದಿರುವುದು ಅವಶ್ಯಕ.

(ಉ) ಹಗಲಿನಲ್ಲಿ ಚಿರತೆಯು ಊರೊಳಗೆ ಸಿಕ್ಕಿಕೊಂಡರೆ ಸುತ್ತುಗಟ್ಟಿ ಕಲ್ಲು ಹೊಡೆಯುವುದು ಅನಾಹುತಕ್ಕೆ ಮೂಲ. ಅದಕ್ಕೆ ಬೇಕಾದುದು ಹೊರಗೆ ಹೋಗುವ ದಾರಿ. ಮುಖಂಡರು ಜನರನ್ನು ಹಿಂದಕ್ಕೆ ಸರಿಸಿ, ಬಾಗಿಲುಗಳನ್ನು ಹಾಕಿಸಿ, ವಲಯ ಅರಣ್ಯಾಧಿಕಾರಿಗಳಿಗೂ ಪೊಲೀಸಿನವರಿಗೂ ತಿಳಿಸಿ ಕಾಯತಕ್ಕದ್ದು.

(ಊ) ಗುಡ್ಡ, ಗೋಮಾಳ, ಕೆರೆಯಂಗಳಗಳ ವಿಷಯವು ಗ್ರಾಮಸಭೆಯ ಮುಂದೆ ಬಂದಾಗ, ಅಲ್ಲಿ ಯಾವ ಯಾವ ಮೃಗಗಳಿವೆ, ಅವು ಅಲ್ಲಿಂದ ಎದ್ದರೆ ಎಲ್ಲಿಗೆ ಬರುವುವು ಎಂಬುದನ್ನು ಮೊದಲು ವಿಚಾರಿಸಿ ಅನಂತರ ಒಪ್ಪಿಗೆಯನ್ನು ಕೊಡತಕ್ಕದ್ದು.

ಇವುಗಳಲ್ಲಿ ಹಲವಕ್ಕೆ ಹೆಚ್ಚು ಹಣವು ಬೇಕಾಗಿಲ್ಲ. ಕೆಲವಕ್ಕೆ ಏನೂ ಬೇಕಾಗಿಲ್ಲ. ಆದರೆ ಒಂದು ಮನೆಯವರು ಮಾಡಿ ಹತ್ತು ಮನೆಯವರು ಬಿಟ್ಟರೆ ಪ್ರಯೋಜನವಿಲ್ಲ. ಬಾಗಿಲು ತೆರೆದ ಒಂದು ದೊಡ್ಡಿಯು ಇಡೀ ಬೀದಿಗೆ ಚಿರತೆಯನ್ನು ಕರೆಯುವುದು. ಆದುದರಿಂದ ಇದು ಊರೊಟ್ಟಿನ ಕೆಲಸ. ಊರೊಟ್ಟಿನ ಕೆಲಸವನ್ನು ಮುಂದೆ ನಿಂತು ನಡೆಸತಕ್ಕವರು ಮುಖಂಡರೇ.

ಚಿರತೆಗಳು ಹಿಂದೆಯೂ ಇದ್ದುವು, ಮುಂದೆಯೂ ಇರುವುವು. ಅವು ರಾತ್ರಿ ಊರಿನ ಅಂಚಿನಲ್ಲಿ ಹಾದುಹೋಗುವುದನ್ನು ತಪ್ಪಿಸುವುದು ಯಾರಿಂದಲೂ ಆಗದು. ಹಾದುಹೋಗುವ ಮೃಗವು ನಿಲ್ಲದಂತೆ ಮಾಡುವುದು ಮಾತ್ರ ಸಾಧ್ಯ. ಈ ಸಭೆಯು ಮುಗಿದ ಮೇಲೆ ಮುಖಂಡರು ಕತ್ತಲಾಗುವುದರೊಳಗೆ ಊರನ್ನು ಒಂದು ಸುತ್ತು ತಿರುಗಿ, ಮುಚ್ಚಿಗೆಯಿಲ್ಲದ ದೊಡ್ಡಿಗಳೆಷ್ಟು, ಕಟ್ಟೆಯಿಲ್ಲದ ಬಾವಿಗಳೆಷ್ಟು, ಬಯಲಿನಲ್ಲಿ ಬಿದ್ದಿರುವ ಶವಗಳೆಷ್ಟು ಎಂಬುದನ್ನು ಎಣಿಸಿ ಒಂದು ಕಾಗದದಲ್ಲಿ ಬರೆದುಕೊಂಡರೆ, ಬೋನಿಗಾಗಿ ಬರೆಯುವ ಅರ್ಜಿಗಿಂತ ಆ ಕಾಗದವೇ ಊರಿಗೆ ಹೆಚ್ಚಿನ ರಕ್ಷಣೆಯನ್ನು ಕೊ​ಡುವುದು.